ಹನ್ನೆರಡು ಗಂಟೆಗೆ ಕಾಲೇಜಿನ ಹತ್ತಿರ

ಪ್ರಿನ್ಸಿಪಾಲ್ ಆನಂದಕುಮಾರ್ ಬೆಂಗಳೂರಿನ ಎರಡು ದಿನದ ಕಾರ್ಯಾಗಾರ ಮುಗಿಸಿ ಬರುವಾಗ ಒಂದು ಹೊಸ ಸಿಮ್ ಕಾರ್ಡನ್ನೂ ಒಂದು ಹೊಸ ಮಾತನ್ನೂ ತಂದಿದ್ದರು. ಸಿಮ್ಮಿನಲ್ಲಿ ದಿನಕ್ಕೆ ನೂರು ಮೆಸೇಜು ಪುಕ್ಕಟೆ. ಮಾತು ‘ಸೋಷಿಯಲ್ ಟೆಕ್ನಾಲಜಿ’.

“ನೋಟೀಸ್ ಬೋರ್ಡಿನ ಕಾಲ ಮುಗೀತು ಮೇಡಂ. ಈಗ 2007. ಹುಡುಗೀರಿಗೆ ಸ್ನೇಹಿತರ ಥರ ಮೆಸೇಜ್ ಹೋಗ್ಬೇಕು. ಹನ್ನೆರಡಕ್ಕೆ ಇನ್‌ಸ್ಪೆಕ್ಷನ್ ಕಮಿಟಿಯೋರು ಬರ್ತಾರೆ, ಅಷ್ಟರಲ್ಲಿ ಹಾಲ್ ತುಂಬಿರ್ಬೇಕು.”

ಹೀಗೆ ಹೇಳುತ್ತಾ ಮೇಜಿನ ಮೇಲಿದ್ದ ಕಾಗದವೊಂದನ್ನು ಬೆರಳಿನಿಂದ ತಟ್ಟಿದರು. ಅದು ಶೋಭಾರಾಣಿಯ ಕಾಂಟ್ರಾಕ್ಟ್ ರಿನ್ಯೂವಲ್. ಆಂಧ್ರದ ಗಡಿಯ ಕಲ್ಯಾಣದುರ್ಗದ ಆ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದ ಅವಳು ಪ್ರತಿ ವರ್ಷವೂ ಆ ಒಂದು ಸೈನಿಗಾಗಿ ಹೀಗೇ ನಿಲ್ಲಬೇಕಿತ್ತು. ಹಾಲ್ ತುಂಬದಿದ್ದರೆ ಸೈನ್ ಇಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು.

ಹೊಸ ಸಿಮ್ ಹಾಕಿದ್ದ ಪ್ರಿನ್ಸಿಪಾಲರ ಫೋನಿನಲ್ಲಿ ಶೋಭಾರಾಣಿ ಹೆಬ್ಬೆರಳಲ್ಲಿ ಒತ್ತಿ ಒತ್ತಿ ಮೆಸೇಜು ಬರೆದಳು. ಭಾಷೆ ತೆಲುಗು, ಅಕ್ಷರ ಇಂಗ್ಲಿಷು. ಆ ಫೋನಿಗೆ ಬೇರೆ ಅಕ್ಷರ ಗೊತ್ತಿರಲಿಲ್ಲ. ಕೊನೆಯಲ್ಲಿದ್ದ ಅವಳ ಹೆಸರನ್ನೂ ಕಾಲೇಜಿನ ಹೆಸರನ್ನೂ ಪ್ರಿನ್ಸಿಪಾಲರು ಅಳಿಸಿದರು. “ಹೆಸರು ಹಾಕಿದ್ರೆ ಮತ್ತೆ ನೋಟೀಸೇ ಆಯ್ತು!” ಉಳಿದದ್ದು ಇಷ್ಟು: ‘ನೀನಿಲ್ಲದೆ ಬಿಕೋ ಅನ್ನಿಸುತ್ತಿದೆ. ಹನ್ನೆರಡು ಗಂಟೆಗೆ ಕಾಲೇಜಿನ ಹತ್ತಿರ ಬಾ. ಕಾಯುತ್ತಿರುತ್ತೇನೆ.’

ಅವಳು ಅದನ್ನು ಇನ್ನೊಮ್ಮೆ ಓದಿಕೊಂಡಳು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಇಂಥ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಗಂಡ ಕೇಶವಯ್ಯನಿಗೆ ಹಿಂದೂಪುರದಲ್ಲಿ ಸೀರೆ ಅಂಗಡಿ. ಶನಿವಾರ ಸಂಜೆ ಅವಳು ಬಸ್ಸಿಳಿದು ಮನೆಗೆ ಹೋದರೆ “ಬಸ್ ಲೇಟಾ?” ಅನ್ನುತ್ತಿದ್ದ, ಅಷ್ಟೆ. ಸೋಮವಾರ ಬೆಳಗ್ಗೆ ಮತ್ತೆ ಬಸ್ಸು. ನಿನ್ನೆ ಅದು ರೊದ್ದಂ ಹತ್ತಿರ ಕೆಟ್ಟು ನಿಂತು, ಅವಳು ಮನೆಗೆ ಮರಳಿ, ಇವತ್ತು ಬಂದಿದ್ದಳು.

ನಿನ್ನೆ ಗೈರಾದವರ ನಂಬರುಗಳಿಗೆಲ್ಲ ಗುಮಾಸ್ತ ಓಬುಳೇಶ್ ಅದನ್ನು ಕಳಿಸಿದ. ಅರವತ್ತೆರಡು.

ಹತ್ತು ನಿಮಿಷಕ್ಕೆ ಮಿಸ್ಡ್ ಕಾಲ್‌ಗಳು ಶುರುವಾದವು. ಕೋಳಿ ಕಾಳು ಹೆಕ್ಕಿದ ಹಾಗೆ ಒಂದು ಕುಕ್ಕು, ಆಮೇಲೆ ಸುಮ್ಮನೆ. ಕೊನೆಗೆ ಒಂದು ನಿಲ್ಲದೆ ಬಡಿದುಕೊಂಡಿತು. ಶೋಭಾರಾಣಿ ಎತ್ತಿದಳು.

“ಯಾರ್ಲಾ ನೀನು?”

“ನಾನು ಶೋಭಾರಾಣಿ, ಲೆಕ್ಚರರ್...”

“ಓಹೋ, ಹೆಂಗಸ್ರ ಕೈಲಿ ಮಾತಾಡುಸ್ತೀಯೇನ್ಲಾ? ನಿಲ್ಲು, ಬತ್ತೀನಿ!”

ಶೋಭಾರಾಣಿ ಫೋನನ್ನು ಮೇಜಿನ ಮೇಲಿಟ್ಟಳು. “ಓಬುಳೇಶ್, ಇವು ಯಾರ ನಂಬರು?”

“ಅಡ್ಮಿಷನ್ ಫಾರಂನಾಗೆ ಇದ್ದವೇ ಮೇಡಂ. ಹುಡುಗೀರತ್ರ ಎಲ್ಲೈತೆ ಫೋನು? ಅಪ್ಪಂದು, ಅಣ್ಣಂದು, ಇಲ್ಲಾಂದ್ರೆ ಪಕ್ಕದ ಮನೇದು.”

ಹನ್ನೆರಡಕ್ಕೆ ಗೇಟಿನ ಮುಂದೆ ನಲವತ್ತು ಗಂಡಸರು. ಹೆಣ್ಣು ನೋಡಲು ಬಂದ ಬೀಗರಂತೆ ಒಗೆದ ಪಂಚೆ, ಕೈಯಲ್ಲಿ ಮಾತ್ರ ದೊಣ್ಣೆ. ಬ್ರಹ್ಮಸಮುದ್ರದ ಕಡೆಯ ಚೌಡಣ್ಣ ಮಗಳು ನಾಗರತ್ನಳನ್ನೂ ಎಳೆದುಕೊಂಡು ಬಂದಿದ್ದ.

“ಎವಡ್ರಾ ವಾಡು? ಯಾವನ್ಲಾ ಅವನು? ಕಾಯ್ತಾ ಇರೋನು ಈಚೆಗೆ ಬರ್ಲಿ!”

“ನಾನೇ ಅಣ್ಣಾ ಕಾಯ್ತಾ ಇದ್ದೋಳು. ಮಕ್ಕಳು ಕ್ಲಾಸಿಗೆ ಬರ್ಲಿ ಅಂತ ನಾನೇ ಬರ್ದೆ.”

ಚೌಡಣ್ಣ ಅವಳ ನರೆಗೂದಲಿನಿಂದ ಚಪ್ಪಲಿಯವರೆಗೆ ನೋಡಿದ. “ಬಿಕೋ ಅನ್ನೋ ಮಾತು ಮೇಡಮ್ಮೋರು ಬರೆಯೋದಲ್ಲ ಕಣಮ್ಮ. ಯಾವನ್ನೋ ಮರೆಮಾಡ್ತಾ ಇದೀಯ.”

ಅಷ್ಟರಲ್ಲಿ ಕಮಿಟಿಯ ಜೀಪು ಕಾಣಿಸಿತು. ಜಗಳ ಅವರ ಕಣ್ಣಿಗೆ ಬಿದ್ದರೆ ಸೈನಿನ ಕತೆ ಮುಗಿಯಿತೆಂದು ಶೋಭಾರಾಣಿ, “ಬನ್ರಣ್ಣಾ, ಒಳಗೆ ಕೂತ್ಕೊಂಡು ಮಾತಾಡಾನ” ಎಂದು ಎಲ್ಲರನ್ನೂ ಹಾಲಿಗೆ ತುಂಬಿದಳು. ಕಮಿಟಿಯವರು ಬಾಗಿಲಲ್ಲೇ ಬೆರಗಾಗಿ ನಿಂತರು.

“ಪೇರೆಂಟ್ಸ್ ಸಾರ್!” ಆನಂದಕುಮಾರ್ ಎದೆಯುಬ್ಬಿಸಿದರು. “ಒಂದೇ ಒಂದು ಮೆಸೇಜಿಗೆ!”

“ಇಂಥ ಕಾಲೇಜು ಜಿಲ್ಲೆಯಲ್ಲೇ ನೋಡಿಲ್ಲ” ಎಂದು ಅಧ್ಯಕ್ಷರು ಬರೆದುಕೊಂಡರು. ಜೀಪು ಹೋದ ಮೇಲೆ ರಿನ್ಯೂವಲ್ಲಿಗೆ ಸೈನ್ ಬಿತ್ತು. ಶೋಭಾರಾಣಿ ಅದನ್ನು ಮಡಿಸಿ ಬ್ಯಾಗಿನೊಳಗಿಟ್ಟು ಉಸಿರು ಬಿಟ್ಟಳು.

ಹಾಲಿನಲ್ಲಿದ್ದವರು ಎದ್ದು ಬಂದು ಅವಳ ಮೇಜಿನ ಮುಂದೆ ಸಾಲುಗಟ್ಟಿದರು. “ನಮ್ ಹುಡುಗೀರ ಟೀಸಿ ಕೊಟ್ಬುಡ್ರಿ.”

ಶೋಭಾರಾಣಿ ಅತ್ತು ಕರೆದು ಹೇಳಿದ ಮೇಲೆ ಮೂರರಲ್ಲಿ ಎರಡು ಪಾಲು ಜನ ಗೊಣಗುತ್ತಾ ಮನೆಗೆ ಹೋದರು. ಹದಿಮೂರು ಮಂದಿ ಕದಲಲಿಲ್ಲ. ಟೀಸಿಯಲ್ಲಿ ‘ಬಿಡಲು ಕಾರಣ’ ಎಂದೊಂದು ಕಡೆ ಇತ್ತು. “ಮನೆ ಕೆಲ್ಸ ಅಂತ ಬರ್ಕಳಮ್ಮ” ಅಂದ ಚೌಡಣ್ಣ. ಉಳಿದವರೂ ಅದನ್ನೇ ಅಂದರು.

ನಾಗರತ್ನ ತರಗತಿಗೇ ಮೊದಲಿಗಳು. ಅಪ್ಪ ಹೆಬ್ಬೆಟ್ಟು ಒತ್ತುವಾಗ ಮೆಲ್ಲಗೆ ಬಗ್ಗಿ ಕೇಳಿದಳು: “ಮೇಡಂ, ನಂಗೆ ಅದ್ನ ತೋರ್ಸ್ಲೇ ಇಲ್ಲ. ಏನು ಬರ್ದಿದ್ರಿ?”

“ನೀನಿಲ್ಲದೆ ಬಿಕೋ ಅನ್ಸುತ್ತೆ ಅಂತ.”

“ನಿಜವಾ ಮೇಡಂ?” ಹುಡುಗಿಯ ಮುಖ ಒಂದು ಗಳಿಗೆ ಅರಳಿತು. ಚೌಡಣ್ಣ ರಟ್ಟೆ ಹಿಡಿದು ನಡೆಸಿಕೊಂಡು ಹೋದ.

ಶೋಭಾರಾಣಿ ಆಮೇಲೆ ತಲೆಯೆತ್ತಲಿಲ್ಲ. ಫಾರಂ ಮೇಲೆ ಫಾರಂ ಬರೆದಳು. ನಾಲ್ಕು ಗಂಟೆಯಾದಾಗ ಮೇಜಿನ ಮುಂದೆ ಇನ್ನೊಂದು ಜೊತೆ ಕಾಲು ಬಂದು ನಿಂತಿತು. ಇನ್ನೊಂದು ಫಾರಂ ಎಳೆದುಕೊಂಡು ಬರೆಯತೊಡಗಿದಳು.

“ಹುಡುಗಿ ಹೆಸ್ರು ಹೇಳಿ.”

“ಶೋಭಾರಾಣಿ.”

ಗಂಡನ ದನಿ. ಕೇಶವಯ್ಯ ಫೋನನ್ನು ಅವಳ ಮುಖಕ್ಕೆ ಹಿಡಿದ. ಮನೆಗೊಂದೇ ಫೋನ್ ಸಾಕು ಎಂದು ಅವನೇ ಇಟ್ಟುಕೊಂಡಿದ್ದ ಫೋನು. “ನಿನ್ನೆ ಒಂದಿನ ನೀ ಬರ್ಲಿಲ್ಲ ಅಂತ ಬಿಕೋ ಅಂದ್ಬುಡ್ತಾ ಅವನಿಗೆ? ಯಾರೇ ಅವನು?”

“ಅದು ನಾನೇರೀ ಬರ್ದಿದ್ದು!”

“ನಿಂಗೆ ನೀನೇ?”

ಓಬುಳೇಶ್ ಬಾಗಿಲಿಂದ ಇಣುಕಿದ. “ನಿನ್ನೆ ಗೈರಾದೋರ್ಗೆಲ್ಲ ಕಳ್ಸು ಅಂದ್ರಲ್ಲ ಸಾರು. ಸ್ಟಾಫ್ ರಿಜಿಸ್ಟರ್‌ನೂ ನೋಡ್ದೆ ಮೇಡಂ. ಗೈರಾದೋರು ನೀವೊಬ್ರೇ ಇದ್ರಿ, ಅದ್ರಾಗಿದ್ದ ನಿಮ್ಮನೆ ನಂಬರಿಗೂ ಕಳ್ಸಿದೆ.”

ಕೇಶವಯ್ಯ ಅವನ ಕಡೆ ತಿರುಗಿಯೂ ನೋಡಲಿಲ್ಲ. ಪ್ರಿನ್ಸಿಪಾಲರು ಮಾತ್ರ ಕೈಚಾಚಿಕೊಂಡು ಓಡಿಬಂದರು. “ನೀವೂ ಮೆಸೇಜ್ ನೋಡಿ ಬಂದ್ರಾ? ನೋಡಿದ್ರಾ ಮೇಡಂ, ಹಿಂದೂಪುರದಿಂದಲೂ ರೆಸ್ಪಾನ್ಸು!”

“ಬಸ್ಸಿಗೆ ಹೊತ್ತಾಯ್ತು, ಏಳು” ಎಂದ ಕೇಶವಯ್ಯ. “ಅದನ್ನ ಬರ್ದು ಮುಗ್ಸು.”

ಶೋಭಾರಾಣಿ ಫಾರಂ ನೋಡಿದಳು. ಹೆಸರಿನ ಜಾಗ ಖಾಲಿ ಇತ್ತು. ‘ಬಿಡಲು ಕಾರಣ’ ಅನ್ನುವಲ್ಲಿ, ಮಧ್ಯಾಹ್ನದಿಂದ ಹದಿಮೂರು ಸಲ ಬರೆದು ಪಳಗಿದ ಕೈ, ಯಾರೂ ಹೇಳುವ ಮೊದಲೇ ‘ಮನೆ ಕೆಲಸ’ ಎಂದು ಬರೆದುಬಿಟ್ಟಿತ್ತು.