ಅಕ್ಕಯಮ್ಮನ ಡಿವಿಡಿಗೆ ಅಕ್ಷರ

ನೆಲಮಂಗಲದ ವಿಡಿಯೋ ಸಿದ್ದರಾಜುವಿಗೆ ಗಂಡಾಂತರ ತಂದದ್ದು ಅಕ್ಕಯಮ್ಮನ ಒಂದು ಸಣ್ಣ ಆಸೆ. ಅವಳಿಗೆ ಹತ್ತು ವರ್ಷದಿಂದ ಕಿವಿ ಕೇಳದು. ಮೊಮ್ಮಗಳು ಮೋನಿಷಾಳ ನಿಶ್ಚಿತಾರ್ಥದಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಯಾಕೆಂದು ಅವಳಿಗೆ ತಿಳಿದಿರಲಿಲ್ಲ.

"ಯಾರ್ಯಾರು ಏನೇನಂದ್ರೋ ಎಲ್ಲಾನೂ ಡಿವಿಡೀಲಿ ಕೆಳಗಡೆ ಬರ್ದು ಕೊಡಪ್ಪಾ. ಚೆನ್ನಾಗಿ ಬಂದ್ರೆ ಮದ್ವೆ ವಿಡಿಯೋನೂ ನಿಂಗೇ," ಅಂದಳು.

ಸಿದ್ದರಾಜು ಇಯರ್‌ಫೋನ್ ಹಾಕಿಕೊಂಡು ಮಾತುಮಾತನ್ನೂ ಟೈಪ್ ಮಾಡಿದ. ಯಾವ ಸಾಲು ಯಾವ ಸೆಕೆಂಡಿಗೆ ಬಂದು ಹೋಗಬೇಕೆಂದು ಗುರುತು ಹಾಕಿದ. ರಿಮೋಟಿನ ಗುಂಡಿ ಒತ್ತಿದರೆ ಅಕ್ಷರ ಬರಬೇಕು, ಮತ್ತೆ ಒತ್ತಿದರೆ ಮಾಯವಾಗಬೇಕು. ಭಾನುವಾರ ಸಂಜೆ ಮನೆಮಂದಿಯೆಲ್ಲ ಕೂತು ನೋಡುವುದೆಂದು ನಿಶ್ಚಯವಾಯಿತು.

ಭಾನುವಾರ ಬೆಳಿಗ್ಗೆ ಸಿದ್ದರಾಜು ಅಂಗಡಿಗೆ ಬಂದಾಗ ಅಕ್ಕಯಮ್ಮನ ಅಳಿಯ ಬೈಲಪ್ಪ ಮೆಟ್ಟಿಲ ಮೇಲೆ ಕೂತಿದ್ದ, ಫೇಲಾದ ಹುಡುಗ ಮಾರ್ಕ್ಸ್‌ಕಾರ್ಡಿಗೆ ಕಾದಂತೆ.

"ಗುರು, ಊಟದ ಸೀನಲ್ಲಿ ನಾನೇನಾದ್ರೂ ಅಂದಿದೀನಾ?"

ಸಿದ್ದರಾಜು ಪರದೆ ತೋರಿಸಿದ. 'ಐದನೇ ಒಬ್ಬಟ್ಟು ಕಣ್ರೋ! ಮುದುಕಿ ಹೊಟ್ಟೇನೋ ಗೋಣಿಚೀಲಾನೋ!'

"ಅಯ್ಯಯ್ಯೋ, ತೆಗ್ದ್‌ಬಿಡು! 'ನಮ್ಮತ್ತೆ ಆರೋಗ್ಯವಾಗಿ ನೂರು ವರ್ಷ ಬಾಳ್ಲಿ' ಅಂತ ಹಾಕು."

ಅವನು ಹೋದ ಬೆನ್ನಿಗೇ ಮೊಮ್ಮಗನ ಹೆಂಡತಿ ನವ್ಯಶ್ರೀ ಬಂದಳು. ಅವಳ ಸಾಲು, 'ಸೀರೆ ನೋಡೇ, ಲಾರಿ ಟಾರ್ಪಾಲ್ ಸುತ್ಕೊಂಡಂಗಿದೆ.' ಅದು 'ಅಜ್ಜಿ ಸಾಕ್ಷಾತ್ ಮಹಾಲಕ್ಷ್ಮಿ ಥರ ಕಾಣ್ತಾರೆ' ಆಯಿತು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ನೆಂಟರು ರೇಷನ್ನಿಗೆ ನಿಂತಂತೆ ನಿಂತಿದ್ದರು.

ತೊಂದರೆಯೆಂದರೆ ಬೈಗುಳ ಗಿಡ್ಡ, ಹೊಗಳಿಕೆ ಉದ್ದ. ಎರಡು ಸೆಕೆಂಡಿನಲ್ಲಿ ಹಿಡಿಸದೆ ಬೈಲಪ್ಪನ ಮಾತು ಮುಂದಕ್ಕೆ ಸರಿದು, ಊಟದ ಕೊನೆಗೆ ಪುರೋಹಿತರು ಆಶೀರ್ವಾದದ ಮಂತ್ರಕ್ಕೆ ಬಾಯಿ ತೆರೆದಾಗ ಕೆಳಗೆ 'ನಮ್ಮತ್ತೆ' ಎಂದು ಬಂತು. ಎಲ್ಲ ಸರಿಪಡಿಸಿ ಡಿಸ್ಕ್ ಬರೆಯುವಷ್ಟರಲ್ಲಿ ಸಿದ್ದರಾಜುವಿನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಸಂಜೆ ಅಕ್ಕಯಮ್ಮ ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತು ಒಂದೊಂದೇ ಸಾಲು ಓದಿದಳು. ನೆಂಟರೆಲ್ಲ ಟೀವಿ ಬಿಟ್ಟು ಅವಳ ಮುಖ ನೋಡುತ್ತಿದ್ದರು. ಮುಗಿದ ಮೇಲೆ ಅವಳು ಗುಂಡಿ ಒತ್ತಿ, ಅಕ್ಷರ ಅಳಿಸಿ, ಡಿವಿಡಿಯನ್ನು ಮೊದಲಿಂದ ಇನ್ನೊಮ್ಮೆ ಹಾಕಿ ನೋಡಿದಳು.

"ಬೈಲಪ್ಪ, ನೀನಂದಿದ್ದು ಗೋಣಿಚೀಲ. ನವ್ಯ, ನೀನು ಟಾರ್ಪಾಲು. ಕಿವಿ ಹೋದ್ಮೇಲೆ ನಾನು ತುಟಿ ನೋಡೇ ಕಣ್ರೋ ಮಾತು ತಿಳ್ಕೊಳೋದು."

ಸಿದ್ದರಾಜು ತಡೆಯಲಾರದೆ ಅವಳ ಮುಂದೆ ಬಂದು ಕೇಳಿದ, "ಹಂಗಾದ್ರೆ ಅಕ್ಷರ ಯಾಕಮ್ಮಾ ಬೇಕಿತ್ತು?"

"ಎಲ್ರ ತುಟೀನೂ ಕಂಡಿತ್ತಪ್ಪಾ. ಕ್ಯಾಮರಾ ಹಿಂದೆ ನಿಂತಿದ್ದ ನಿಂದು ಮಾತ್ರ ಕಾಣ್ಲಿಲ್ಲ. ಎಲ್ಲ ನಿನ್ ಕಡೆ ನೋಡ್ಕೊಂಡೇ ನಕ್ರು. ಆ ಜಾಗ ಯಾಕೆ ಖಾಲಿ ಬಿಟ್ಟಿದೀಯ?"

ಎಲ್ಲಕ್ಕಿಂತ ಮೊದಲು ಸಿದ್ದರಾಜು ಅಳಿಸಿದ್ದು ತನ್ನ ಆ ಸಾಲನ್ನೇ.

ಬೈಲಪ್ಪನಿಗೆ ಹೋದ ಜೀವ ಬಂದಂತಾಯಿತು. ಎದುರಿಗೆ ಬಂದು, ಅತ್ತೆಗೆ ಚೆನ್ನಾಗಿ ಕಾಣಲೆಂದು ಬಾಯಿ ಅಗಲಿಸಿ ಬಿಡಿಬಿಡಿಯಾಗಿ ಹೇಳಿದ: "'ಮುದುಕಿ ಟೋಲ್‌ಗೇಟ್ ಥರ ಅಡ್ಡ ನಿಂತವ್ಳೆ, ಹುಡುಗಿ ಕಾಣ್ಬೇಕಾದ್ರೆ ಕಾಸು ಕಟ್ಬೇಕೇನೋ' ಅಂದ ಇವ್ನು, ಅತ್ತೆ!"

ಅಕ್ಕಯಮ್ಮ ಸಿದ್ದರಾಜುವಿನ ಕಡೆ ತಿರುಗಿದಳು. ಆಮೇಲೆ ಸೊಗಸಾಗಿ ನಕ್ಕಳು.

"ಮದ್ವೆ ವಿಡಿಯೋ ನಿಂಗೇ ಕಣಪ್ಪಾ. ಎರಡು ದಿನಾನೂ ನಿನ್ ಕ್ಯಾಮರಾ ಮುಂದೇನೇ ನಿಂತಿರ್ತೀನಿ."