ಕಾಳಷ್ಟು ಸ್ನೋ

ಮುಖಕ್ಕೆ ವಯಸ್ಸಾಗುವುದು ಸಹಜ. ಆದರೆ ಸರ್ಕಾರಕ್ಕೆ ಗೊತ್ತಾಗುವ ಹಾಗೆ ವಯಸ್ಸಾಗಬಾರದು. ಈ ತತ್ವವನ್ನು ನಾನು ಯಾವ ಹಿರಿಯರಿಂದಲೂ ಕಲಿತದ್ದಲ್ಲ. ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ನಕಲು ಗುಮಾಸ್ತನಾಗಿ ಕೂತಿದ್ದವನು, ಕೊರಟಗೆರೆಯ ಬಂಗಲೆಯ ಜಗಲಿಯಲ್ಲಿ ಒಂದು ಬೆಳಗ್ಗೆ ನಿಂತು ಕಲಿತದ್ದು. ಅಂದು ಕಂಡದ್ದನ್ನು ನೆನೆದರೆ ಈಗಲೂ ಕೈ ಅವಸರ ಮಾಡುತ್ತದೆ. ಅವಸರದ ಕೈಯಲ್ಲಿ ಅಕ್ಷರ ಕೆಡುತ್ತದೆ. ಅಕ್ಷರ ಕೆಟ್ಟರೆ ಏನಾಗುತ್ತದೆ ಎಂಬುದೇ ಈ ಕಥೆಯಾದ್ದರಿಂದ, ನಿಧಾನವಾಗಿ, ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ನನ್ನ ಅಕ್ಕ ಗಂಗಮ್ಮ ನಮ್ಮೂರ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಮೇಡಮ್ಮ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತೌರಿಗೆ ಬಂದವಳು, ಅಪ್ಪನ ಹಟದಿಂದ ಓದಿ ಕೆಲಸ ಹಿಡಿದಿದ್ದಳು. ಊರಿನಲ್ಲಿ ಅವಳು ಬಂದರೆ ಯಾರಾದರೂ ಎದ್ದು ನಿಲ್ಲುತ್ತಿದ್ದ ಜಾಗವೆಂದರೆ ಆ ಸ್ಕೂಲೊಂದೇ. ಉಳಿದ ಕಡೆ ಅವಳು ಎದುರಾದರೆ ಜನ ಪಕ್ಕಕ್ಕೆ ಸರಿಯುತ್ತಿದ್ದರು, ಇಲ್ಲವೇ ಹೊರಟ ಕೆಲಸ ಬಿಟ್ಟು ಮನೆಗೆ ಹಿಂದಿರುಗಿ ಒಂದು ಲೋಟ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಆ ಜನರ ಮಕ್ಕಳೇ ಹತ್ತೂವರೆಗೆ ಕೈ ಮುಗಿದು 'ನಮಸ್ತೇ ಮೇಡಮ್ಮ' ಎಂದು ರಾಗ ಎಳೆಯುತ್ತಿದ್ದರು. ಅಕ್ಕನಿಗೆ ಅಷ್ಟು ಸಾಕಾಗಿತ್ತು.

ಆ ವರ್ಷ ಸ್ಕೂಲಿಗೆ ಹೊಸ ಇನ್‌ಸ್ಪೆಕ್ಟರು ಬಂದರು. ಸರ್ವೀಸ್ ರಿಜಿಸ್ಟರು ತೆರೆದರೆ ಅಕ್ಕನ ಹುಟ್ಟಿದ ತಾರೀಖಿದ್ದ ಜಾಗವನ್ನು ಗೆದ್ದಲು ತಿಂದಿತ್ತು. ಗೆದ್ದಲು ಅಷ್ಟು ದೊಡ್ಡ ಪುಸ್ತಕದಲ್ಲಿ ಅದೊಂದೇ ಮನೆಯನ್ನು ಆರಿಸಿ ತಿಂದದ್ದು ಹೇಗೆ ಎಂದು ಅವರು ಕೇಳಿದರು. ಅಕ್ಕ, ತನಗೆ ಐವತ್ತೊಂದು ಎಂದಳು. ಅದು ನಿಜ. ಅವಳು ನನಗಿಂತ ಮೂರು ವರ್ಷ ದೊಡ್ಡವಳು, ನನಗೆ ಆಗ ನಲವತ್ತೆಂಟು. ಇನ್‌ಸ್ಪೆಕ್ಟರು ಅವಳ ಮುಖವನ್ನು ಒಮ್ಮೆ ನೋಡಿ, 'ನೋಟಕ್ಕೆ ಅರವತ್ತರ ಹತ್ತಿರ' ಎಂದು ಬರೆದು ಹೋದರು. ಐವತ್ತೈದಕ್ಕೆ ಮನೆಗೆ ಕಳಿಸುವುದು ಕಾಯಿದೆ. ಹದಿನೈದು ದಿನ ಬಿಟ್ಟು ಆರ್ಡರು ಬಂತು. ಡಾಕ್ಟರು ಕೊರಟಗೆರೆಯಲ್ಲಿ ಕ್ಯಾಂಪು ಹಾಕಿದಾಗ ಹಾಜರಾಗಬೇಕು, ಅವರು ದೇಹವನ್ನು ನೋಡಿ ವಯಸ್ಸನ್ನು ನಿಷ್ಕರ್ಷೆ ಮಾಡತಕ್ಕದ್ದು. ಬಾಯಿ ಹೇಳಿದ ವಯಸ್ಸನ್ನು ಒಪ್ಪದ ಸರ್ಕಾರ, ಮುಖ ಹೇಳಿದ್ದನ್ನು ಒಪ್ಪುತ್ತದೆಯಂತೆ.

"ಲೋ ನಂಜಾ, ಮೂವತ್ತು ವರ್ಸದ ಸೀಮೆಸುಣ್ಣದ ಧೂಳು ಕಣೋ ಇದು ಮುಖದ ಮೇಲೆ. ಅದನ್ನ ವಯಸ್ಸು ಅಂತವ್ರಲ್ಲಾ," ಎಂದಳು ಅಕ್ಕ. ಆಮೇಲೆ, "ಈ ಕೆಲ್ಸ ಹೋದ್ರೆ ನಾನು ಅಡುಗೆಮನೆ ಮೂಲೇಲಿ ಕುಂತ್ಕಬೇಕು," ಎಂದಳು. ಅವಳು ಅಳುವುದನ್ನು ನಾನು ನೋಡಿರಲಿಲ್ಲ, ಅಂದೂ ನೋಡಲಿಲ್ಲ. ಅವಳು ಎದ್ದು ಹೋಗಿ ಕನ್ನಡಿಯನ್ನು ಮೊಳೆಯಿಂದ ತೆಗೆದು ಬೆಳಕಿಗೆ ತಂದಳು. ಕಂಡದ್ದು ಅಷ್ಟು.

ಮುಖಕ್ಕೆ ಸ್ನೋ ಎಂಬ ಬಿಳಿಯ ಕ್ರೀಮು ಹಚ್ಚಿದರೆ ಹತ್ತು ವರ್ಷ ಇಳಿಯುತ್ತದೆ ಎಂದು ನನ್ನ ಹೆಂಡತಿ ಸಿದ್ದಮ್ಮ ಎಲ್ಲಿಯೋ ಕೇಳಿದ್ದಳು. ಯುದ್ಧದ ಕಾಲ, ಸೀಮೆಯ ಸಾಮಾನು ಸಿಗುತ್ತಿರಲಿಲ್ಲ. ಸಿರಾದಲ್ಲಿ ಒಬ್ಬ ಸಾಹೇಬರ ಅಂಗಡಿಯಲ್ಲಿ ಹಳೆಯ ಡಬ್ಬಿಗಳಿವೆ ಎಂದು ತಿಳಿದು ರಜಾ ಹಾಕಿ ಹೋದೆ. ಸಾಹೇಬರು ಡಬ್ಬಿಯ ಧೂಳು ಒರೆಸುತ್ತಾ, "ಯಾರ್ಗೆ ಸ್ವಾಮಿ, ಮನೇವ್ರಿಗಾ?" ಎಂದರು. ಹೆಂಗಸರ ವಿಷಯ ಅಂಗಡಿಯಲ್ಲಿ ಆಡಬಾರದೆಂದು ನಾನು ಡಬ್ಬಿಯ ಬೆಲೆ ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ತಮ್ಗೇ ಆದ್ರೆ ಒಂದ್ರಲ್ಲಿ ಆಗಾಕಿಲ್ಲ, ಎರಡು ತಗೋಳಿ," ಎಂದರು. ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಒಂದು ಡಬ್ಬಿ ಸ್ನೋ, ಒಂದು ಡಬ್ಬಿ ಪೌಡರು ಚೀಲಕ್ಕೆ ಹಾಕಿಕೊಂಡು ಬಂದೆ.

ಡಬ್ಬಿಯೊಳಗೆ ಮಡಿಸಿದ ಒಂದು ಕಾಗದವಿತ್ತು. 'ವಯಸ್ಸು ಮೀರಿದ ಚರ್ಮದ ಮಹಿಳೆಯರಿಗೆ ಸಲಹೆಗಳು' ಎಂದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ಇಳಿಸುವ ಭಾರ ನನ್ನ ಮೇಲೆ ಬಿತ್ತು. ಬರೆದವನು ಯಾರೋ, ಅವನ ಅಕ್ಕನಂತೂ ಸ್ಕೂಲಿಗೆ ಹೋಗುತ್ತಿರಲಿಲ್ಲ. ಒಣ ಮುಖಕ್ಕೆ ಪೌಡರು ಹಾಕಬಾರದು, ಹಾಕಿದರೆ ಸುಕ್ಕಿನೊಳಗೆ ಇಳಿದು ಬೇಸಗೆಯ ಕೆರೆಯಂಗಳದ ಹಾಗೆ ಕಾಣುತ್ತದೆ (ಕೆರೆ ನನ್ನದು, ಅವನು ಬರೆದದ್ದು ಬೇರೇನೋ). ಮೊದಲು ಸ್ನೋ, ಅದು ಆರಿದ ಮೇಲೆ ಪೌಡರು. ಉಜ್ಜಬಾರದು, ತಟ್ಟಬೇಕು. ಕಣ್ಣಿನ ಕೆಳಗೆ ಪೌಡರು ಬೇಡವೇ ಬೇಡ. ಕೆನ್ನೆಗೆ ಬಣ್ಣ ಹಚ್ಚುವುದಾದರೆ ಮೇಲುಗಡೆ ಹಚ್ಚಬೇಕು, ಕೆಳಗೆ ಹಚ್ಚಿದರೆ ಮುಖವೇ ಜೋತಂತೆ ಕಾಣುತ್ತದೆ. ಕೊನೆಗೆ ಹಗಲು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೆ ಏನನ್ನೂ ಮಾಡಿಲ್ಲವೆಂಬಂತೆ ಕಾಣಬೇಕಂತೆ. ಏನನ್ನೂ ಮಾಡದೆ ಹಾಗೆ ಕಾಣುವ ವಿದ್ಯೆ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಡಿ ಹಾಗೆ ಕಾಣುವುದು ನನಗೆ ಹೊಸದು.

ಸ್ನೋ ಎಷ್ಟು ಎಂಬಲ್ಲಿ ಮಾತ್ರ ತಡೆಯಿತು. ಬಟಾಣಿಯಷ್ಟು ಎಂದಿತ್ತು. ಅಕ್ಕ ಬಟಾಣಿ ನೋಡಿದವಳಲ್ಲ. ಅವರೆಕಾಳು ಎನ್ನೋಣವೇ? ಹಸಿಯದೋ ಒಣಗಿದ್ದೋ? ತೊಗರಿ ಸಣ್ಣದಾಯಿತು, ಹುರುಳಿ ತೀರ ಚಪ್ಪಟೆ. ಸಿದ್ದಮ್ಮನ ಡಬ್ಬಗಳಿಂದ ಒಂದೊಂದು ಕಾಳು ತೆಗೆದು ಬಾಗಿಲ ಬಳಿ ಸಾಲಾಗಿಟ್ಟು ಅರ್ಧ ಗಂಟೆ ಯೋಚಿಸಿದೆ. "ಸಾರಿಗೆ ಹಾಕೋ ಕಾಳ ತಂದು ನೆಲದ ಮ್ಯಾಲೆ ಜೋಡ್ಸಿಕಂಡು ಕುಂತವ್ರೆ, ಇವ್ರೇನ್ ಕಣಿ ಹೇಳ್ತಾರೋ ಏನೋ," ಎಂದಳು ಸಿದ್ದಮ್ಮ. ಯಾವ ಕಾಳಾದರೂ ಸರಿಯೇ ಎಂದು ತೀರ್ಮಾನಿಸಿ, 'ಡಬ್ಬಿಯಲ್ಲಿ ಕಾಳಷ್ಟು ತೆಗೆದುಕೊಂಡು' ಎಂದು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದುಕೊಟ್ಟೆ. ಹಾಗೆ ಬರೆದೆ ಎಂದೇ ಅಂದುಕೊಂಡಿದ್ದೆ.

ಹಾಜರಾಗುವ ದಿನ ಬೆಳಗ್ಗೆ ಅಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ಆಮೇಲೆ ಹೊರಗೆ ಬಂದಳು. ಅಮಲ್ದಾರರು ಬರುತ್ತಾರೆಂದು ರಾತ್ರೋರಾತ್ರಿ ಸುಣ್ಣ ಬಳಿಸಿದ ಚಾವಡಿಯ ಹಾಗಿತ್ತು ಅವಳ ಮುಖ. ಹುಬ್ಬು ಕಾಣಲಿಲ್ಲ. ಎರಡು ಕಣ್ಣು ಮಾತ್ರ ಒಳಗೆ ಬಾಡಿಗೆಗೆ ಇದ್ದವರ ಹಾಗೆ ಇಣುಕುತ್ತಿದ್ದವು.

"ಎಷ್ಟು ಹಚ್ಚಿದೆಯಕ್ಕಾ?" ಎಂದೆ.

"ನೀನು ಬರ್ದಷ್ಟೇ ಕಣೋ. ಒಂದ್ ಕೂದಲು ಹೆಚ್ಚಿಲ್ಲ." ಚೀಟಿ ಮುಂದೆ ಹಿಡಿದಳು. ನನ್ನದೇ ಅಕ್ಷರ, ಮುತ್ತು ಪೋಣಿಸಿದಂತೆ, 'ಡಬ್ಬಿಯಲ್ಲಿ ಕಾಲಷ್ಟು ತೆಗೆದುಕೊಂಡು'. ಪಹಣಿಯಲ್ಲಿ ದಿನಕ್ಕೆ ಇಪ್ಪತ್ತು ಸಲ ಕಾಲು ಗುಂಟೆ, ಕಾಲು ಎಕರೆ ಎಂದು ಬರೆದ ಕೈ, ಕಾಳು ಎಂದರೂ ಕಾಲೆಂದೇ ಓಡಿತ್ತು. ಅಕ್ಕ ಡಬ್ಬಿಗೆ ಕಡ್ಡಿಯಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು ಸರಿಯಾಗಿ ಕಾಲು ಭಾಗವನ್ನು ತೆಗೆದಿದ್ದಳು. ಲೆಕ್ಕದ ಮೇಡಮ್ಮ.

ತೊಳೆಯಲು ಹೊತ್ತಿರಲಿಲ್ಲ, ಬಸ್ಸಿನ ಹಾರನ್ನು ಕೇಳುತ್ತಿತ್ತು. ಬೀದಿಗಿಳಿದರೆ ಎದುರುಮನೆಯ ತಿಮ್ಮಕ್ಕ ಸಗಣಿ ಬುಟ್ಟಿ ಹಿಡಿದು ನಿಂತಿದ್ದಳು. "ಇದೇನ್ ಮೇಡಮ್ಮ, ಹಣೆ ಖಾಲಿ ಬುಟ್ಟು ಕೆನ್ನೆಗೆ ಬಳ್ಕಂಡಿದ್ದೀರಿ? ಇದ್ಯಾವೂರ ಸಾಸ್ತ್ರ?"

"ಹಣೆಗೆ ತಾನೇ ನೀವೆಲ್ಲಾ ಸೇರಿ ಬ್ಯಾಡ ಅಂದಿದ್ದು? ಕೆನ್ನೆ ನಂದೇ ಕಣಮ್ಮ," ಎಂದು ಅಕ್ಕ ನಿಲ್ಲದೆ ನಡೆದಳು.

ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಹಿಂದೆ ಒಂದು ಒಲೆ, ಒಳಗೆಲ್ಲ ಮಸಿ. ಮಧುಗಿರಿ ಬಿಟ್ಟಾಗ ಬಿಳಿಯಾಗಿದ್ದ ಅಕ್ಕ ದಾರಿಯುದ್ದಕ್ಕೂ ಬಣ್ಣ ಬದಲಾಯಿಸಿದಳು. ಹಸಿ ಸ್ನೋ ಹಾದಿಯ ಕೆಂಧೂಳನ್ನೂ ಇದ್ದಿಲ ಮಸಿಯನ್ನೂ ಭೇದವಿಲ್ಲದೆ ಹಿಡಿದುಕೊಂಡಿತು. ನಾನು ಆಗಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಕೊರಟಗೆರೆಯಲ್ಲಿ ಇಳಿದಾಗ ಅವಳಿಗೆ ವಯಸ್ಸೇ ಇರಲಿಲ್ಲ. ಮನುಷ್ಯಳೆಂದು ಹೇಳುವುದೇ ಕಷ್ಟವಾಗಿತ್ತು.

ಡಾಕ್ಟರು ಬಂಗಲೆಯ ಜಗಲಿಯಲ್ಲಿ ಮೇಜು ಹಾಕಿಸಿಕೊಂಡು ಕೂತಿದ್ದರು. ತಲೆ ಎತ್ತಿದವರು ಲೇಖನಿ ಕೆಳಗಿಟ್ಟರು. "ಇದೇನಮ್ಮಾ? ನಾಟಕದ ಕಂಪನಿಯಿಂದ ಬಂದಿರಾ?"

"ಸ್ಕೂಲಿನಿಂದ," ಎಂದಳು ಅಕ್ಕ.

"ಹೋಗಿ ತೊಳ್ಕೊಂಡು ಬನ್ನಿ. ನಾನು ಸರ್ಟಿಫಿಕೇಟು ಕೊಡಬೇಕಾದ್ದು ಮುಖಕ್ಕೆ, ಗೋಡೆಯ ಗಿಲಾವಿಗಲ್ಲ."

ಅಕ್ಕ ಹಿತ್ತಲ ಬಾವಿಯ ನೀರಿನಲ್ಲಿ ಸೆರಗಿನಿಂದ ಉಜ್ಜಿ ಉಜ್ಜಿ ತೊಳೆದು ಬಂದಳು. ಉಜ್ಜಬಾರದೆಂದು ನಾನೇ ಬರೆದುಕೊಟ್ಟಿದ್ದೆ. ಕೆನ್ನೆ ಎರಡೂ ಕೆಂಪಗಾಗಿದ್ದವು, ಹಣೆಯ ಮೇಲೆ ನೀರಿತ್ತು. ಡಾಕ್ಟರು ಎತ್ತಿನ ಹಲ್ಲು ನೋಡುವ ಹಾಗೆ ಬಾಯಿ ತೆರೆಸಿ ನೋಡಿದರು, ಮುಂಗೈ ಚರ್ಮವನ್ನು ಹಿಡಿದೆಳೆದು ಬಿಟ್ಟರು. ಲೇಖನಿ ಎತ್ತಿಕೊಂಡರು, ಬರೆಯಲಿಲ್ಲ. ಅವರಿಗೂ ಏನೂ ತಿಳಿಯಲಿಲ್ಲವೆಂಬುದು ನನಗೆ ಸ್ಪಷ್ಟವಾಗಿ ಕಂಡಿತು. ಆಗ ಅವರ ಕಣ್ಣು, ಕಾಗದದ ಕಟ್ಟು ಹಿಡಿದು ಕಂಬದ ಪಕ್ಕ ನಿಂತಿದ್ದ ನನ್ನ ಮೇಲೆ ಬಿತ್ತು. ನೆತ್ತಿಯಿಂದ ಗಲ್ಲದವರೆಗೆ ನಿಧಾನವಾಗಿ ಇಳಿಯಿತು.

"ಇವರು ನಿಮಗೆ ಅಣ್ಣನವರೋ?"

ಸುಳ್ಳು ಹೇಳಿದ ಹುಡುಗಿಯರ ಅಂಗೈಗೆ ಮೂವತ್ತು ವರ್ಷ ರೂಲುದೊಣ್ಣೆಯಲ್ಲಿ ಬಡಿದ ನನ್ನ ಅಕ್ಕ, ಕಣ್ಣು ಮಿಟುಕಿಸದೆ, "ಹೌದು, ಅಣ್ಣ," ಎಂದಳು.

"ತಮ್ಮ ವಯಸ್ಸು?" ಎಂದು ನನ್ನನ್ನು ಕೇಳಿದರು.

"ನಲವತ್ತೆಂಟು, ಸ್ವಾಮಿ." ಅದು ನಿಜ. ಡಾಕ್ಟರ ಮುಂದೆ ನಾನು ಆಡಿದ್ದು ಅದೊಂದೇ ಮಾತು, ಅದೂ ನಿಜ.

"ನಲವತ್ತೆಂಟೇ?" ಎಂದು ಅವರು ಇನ್ನೊಮ್ಮೆ ನೋಡಿದರು. "ಪಾಪ. ಹಾಗಾದರೆ ತಂಗಿಗೆ ನಲವತ್ತಾರು ಹಾಕೋಣ." ಹಾಕಿದರು. ಮೊಹರು ಒತ್ತಿದರು.

ಹಿಂದಿರುಗುವ ಬಸ್ಸಿನಲ್ಲಿ ಕೇಳಿದೆ, "ಐವತ್ತೊಂದು ಅಂತ ನಿಜಾನೇ ಹೇಳಬಹುದಾಗಿತ್ತಲ್ಲಕ್ಕಾ. ಇನ್ನೂ ನಾಲ್ಕು ವರ್ಷ ಇತ್ತು."

"ನಿಜ ಹೇಳ್ದಾಗ ಅವ್ರು ಬಾಯಿನ ಬುಟ್ಟು ಮುಖಾನ ನಂಬಿದ್ರು ಕಣೋ," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, ಹೆಗಲು ಅಲುಗುವ ಹಾಗೆ ನಕ್ಕು, "ಅಲ್ವೇನಣ್ಣಾ?" ಎಂದಳು.

ದಾಖಲೆಗೆ ನಕಲೊಂದು ಬೇಕೆಂದು ಆ ಸರ್ಟಿಫಿಕೇಟು ಒಂದು ವಾರದಲ್ಲಿ ನಮ್ಮ ಕಚೇರಿಗೇ ಬಂತು, ನನ್ನ ಮೇಜಿಗೇ ಬಂತು. ನಕಲನ್ನು ಒಂದೂ ಚಿತ್ತಿಲ್ಲದೆ ಬರೆದೆ. ಕೆಳಗೆ 'ಅಸಲಿಗೆ ಸರಿಯಾಗಿದೆ' ಎಂದು ಬರೆದು ರುಜು ಹಾಕಿದೆ. ನಾನು ಪೆನ್ಷನ್ನಿಗೆ ಹೋದ ಮೇಲೂ ನನಗಿಂತ ಮೂರು ವರ್ಷ ದೊಡ್ಡವಳಾದ ನನ್ನ ತಂಗಿ ಎರಡು ವರ್ಷ ಸ್ಕೂಲಿಗೆ ಹೋಗುತ್ತಾಳೆಂಬುದಕ್ಕೆ ಅಂದಿನಿಂದ ನನ್ನ ಅಕ್ಷರವೇ ಸಾಕ್ಷಿ. ಅವಳು ಆ ಡಬ್ಬಿಯನ್ನು ಮತ್ತೆ ಮುಟ್ಟಲಿಲ್ಲ. ಮುಕ್ಕಾಲು ಭಾಗ ಹಾಗೆಯೇ ಉಳಿದಿತ್ತು. ಸಿದ್ದಮ್ಮ ಅದನ್ನು ನನ್ನ ಕ್ಷೌರದ ಸಾಮಾನಿನ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು.

ಒಂದು ಭಾನುವಾರ ಎಲ್ಲರೂ ಹೊರಗೆ ಹೋಗಿದ್ದಾಗ ಕನ್ನಡಿಯನ್ನು ಬೆಳಕಿಗೆ ತಂದೆ. ಚೀಟಿಯಲ್ಲಿ ಲ ಹೊಡೆದು ಳ ತಿದ್ದಿದ್ದೆ. ಉಜ್ಜದೆ, ತಟ್ಟಿ, ಸರಿಯಾಗಿ ಕಾಳಷ್ಟೇ ಹಚ್ಚಿದೆ. ಹಗಲು ಬೆಳಕಿನಲ್ಲಿ ನೋಡಿಕೊಂಡೆ.

ಸಾಲಲಿಲ್ಲ.