ಆಫ್ರಿಕಾಕ್ಕೆ ಹೊರಟ ತವರುಮನೆ

ಹಡಗು ಮುಳುಗಬಹುದಿತ್ತು. ಮುಳುಗದಿದ್ದರೂ ಕಾಕಾ ಬೇರೊಂದು ಹಡಗು ಹತ್ತಿ ಆಸ್ಟ್ರೇಲಿಯಾದಲ್ಲಿ ಇಳಿದು, “ನಮ್ಮ ನೀಲಾನ ಮನಿ ಎಲ್ಲೈತ್ರಿ?” ಎಂದು ಬಂದರಿನಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತ ನಿಲ್ಲಬಹುದಿತ್ತು. ಸುಂಕದವರು ಬಾಣಂತಿಗೆಂದು ಕಟ್ಟಿದ ಅಂಟಿನುಂಡಿಗಳನ್ನು ಕಂಡು ತೋಪಿನ ಗುಂಡೆಂದು ತಿಳಿದು ಹಿಡಿದು ಹಾಕಬಹುದಿತ್ತು. (ಕಾಕಾ ಕಟ್ಟಿದ ಅಂಟಿನುಂಡಿಯನ್ನು ಒಮ್ಮೆ ಕಚ್ಚಿ ನೋಡಿದವರು ಸುಂಕದವರ ಮೇಲೆ ತಪ್ಪು ಹೊರಿಸಲಾರರು.) ಕುಡಚಿಯ ದಾರಿಯಲ್ಲಿ ಬಸ್ಸು ಎರೆಮಣ್ಣಿನಲ್ಲಿ ಹೂತು ರೈಲು ತಪ್ಪಬಹುದಿತ್ತು. ಹಳದಿ ಜ್ವರ ಬರದಿರಲೆಂದು ಚುಚ್ಚಿದ ಸೂಜಿಯಿಂದಲೇ ಹಳದಿ ಜ್ವರ ಬರಬಹುದಿತ್ತು. ಇಲ್ಲಿಯ ಮಳೆ ಅವಸರ ಮಾಡಬಹುದಿತ್ತು, ಅಲ್ಲಿಯ ಮಳೆ ನಿಲ್ಲದೇ ಹಟ ಹಿಡಿಯಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಇವರು ಹೋಗಿ ಮುಟ್ಟುವುದರೊಳಗೆ ಕೂಸು ಹುಟ್ಟಿ, ತವರಿನವರೆಂಬುವವರು ಒಬ್ಬರೂ ಹತ್ತಿರವಿಲ್ಲದೆ ನೀಲಾ ಪರದೇಶದಲ್ಲಿ ಚೊಚ್ಚಲ ಹೆರಿಗೆ ಮುಗಿಸಿಬಿಡಬಹುದಿತ್ತು.

ಇವೆಲ್ಲವನ್ನೂ ನಾನು, ಯಾವುದಕ್ಕೂ ಅನ್ಯಾಯವಾಗದಂತೆ, ಸರದಿಯ ಮೇಲೆ ಚಿಂತಿಸಿದೆ. ಜಮಖಂಡಿಯ ಸಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳುತ್ತ ಬಿಸ್ಕೇ ಕೊಲ್ಲಿಯ ತೆರೆಗಳಿಗೆ ಹೆದರಿದ ಮಾಸ್ತರ ನಾನೊಬ್ಬನೇ ಇರಬೇಕು!

ನೋಡಿ, ವ್ಯಾಪಾರಕ್ಕೆಂದು ಸಮುದ್ರ ದಾಟಿದವರಿದ್ದಾರೆ. ಓದಲು ದಾಟಿದವರಿದ್ದಾರೆ, ಹೊಡೆದಾಡಲು ದಾಟಿದವರೂ ಇದ್ದಾರೆ. ಬಾಣಂತನ ಮಾಡಲೆಂದು ಸಮುದ್ರ ದಾಟಿದ ಗಂಡಸು ನಮ್ಮ ಕಾಕಾ ಒಬ್ಬರೇ. ಇನ್ನೊಬ್ಬನನ್ನು ತೋರಿಸಿ, ಮೀಸೆ ಬೋಳಿಸಿಕೊಳ್ಳುತ್ತೇನೆ! (ನನಗೆ ಮೀಸೆ ಇಲ್ಲ. ಪಂಥ ಕಟ್ಟುವಾಗಲೂ ಸೋತರೆ ಏನು ಗತಿ ಎಂದು ಮೊದಲೇ ನೋಡಿಕೊಳ್ಳುವವನು ನಾನು.)

ಕಾಕಾ ನಮ್ಮ ತಂದೆಯ ತಮ್ಮ. ಬನಹಟ್ಟಿಯಲ್ಲಿ ಮನೆ, ಮನೆಯೊಳಗೇ ಮಗ್ಗ. ಕಾಕು, ಅಂದರೆ ಅವರ ಹೆಂಡತಿ, ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ನೀಲಾ. ಅವಳ ಗಂಡ ಮುಂಬಯಿಯ ಒಂದು ಬಟ್ಟೆಯ ಕಂಪನಿಯಲ್ಲಿ ಗುಮಾಸ್ತನಾಗಿದ್ದ. ಆ ಕಂಪನಿಯವರು ಅವನನ್ನು ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿದ್ದ ತಮ್ಮ ಅಂಗಡಿಗೆ ಕಳಿಸಿದ್ದರು. ಒಂದು ದಿನ ಅಲ್ಲಿಂದ ಸುದ್ದಿ ಬಂತು: ನೀಲಾ ಬಸುರಿ. ಹಡಗಿನ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ. ಊರಿಗೆ ಬರಲಾಗುವುದಿಲ್ಲ.

ಕಾಕಾ ಮರುದಿನವೇ ಜಮಖಂಡಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತರು.

“ಚೊಚ್ಚಲ ಹೆರಿಗಿ ತವರಮನ್ಯಾಗ ಆಗಬೇಕು, ಹೌದಿಲ್ಲೊ?”

“ಹೌದ್ರಿ.”

“ಮಗಳು ತವರಿಗೆ ಬರಾಕ ಆಗೂದಿಲ್ಲಂದ್ರ ತವರಮನಿನ ಮಗಳ ಕಡೆ ಹೋಗಬೇಕು. ಇದರಾಗ ವಿಚಾರ ಮಾಡೂದು ಏನೈತಿ?”

“ತವರಮನಿ ಅಂದ್ರ ಯಾರ್ರಿ ಕಾಕಾ?”

“ನಾ!”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ನಿಂತಿತು. ನಮ್ಮ ಮನೆಯಾಕೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

ತೇರದಾಳದಲ್ಲಿ ಕಾಕಾನ ಅಕ್ಕ, ಅಂದರೆ ನಮ್ಮ ಸೋದರತ್ತೆ ಇದ್ದರು. ಊರಿನ ಅರ್ಧ ಕೂಸುಗಳನ್ನು ಅವರೇ ಎರೆದು ಬೆಳೆಸಿದ್ದು. ಹೋಗುವುದಾದರೆ ಅವರು ಹೋಗಬೇಕಿತ್ತು. ಆದರೆ ಅವರ ಮೊಣಕಾಲು ಹಿಡಿದಿದ್ದವು, ಬಸ್ಸಿನ ವಾಸನೆ ಬಂದರೇ ವಾಂತಿಯಾಗುತ್ತಿತ್ತು. ನಾವೆಲ್ಲ ಕೂಡಿ ತೇರದಾಳಕ್ಕೆ ಹೋದಾಗ ತಮ್ಮನ ವಿಚಾರ ಕೇಳಿ ಹಣೆ ಹಣೆ ಬಡಿದುಕೊಂಡರು.

“ಏ ಹುಚ್ಚಾ! ಗಂಡಸ ಬಾಣಂತನ ಮಾಡಾಕತ್ತಾನ ಅಂದ್ರ ಮಂದಿ ನಗೂದಿಲ್ಲೇನೋ?”

“ನಗಲಿ ಬಿಡ ಅಕ್ಕಾ. ನಾ ಆಫ್ರಿಕಾದಾಗ ಇರತೀನಿ, ನನಗ ಕೇಳಸೂದಿಲ್ಲ.”

ಅತ್ತೆ ಸೆರಗು ಸಿಗಿಸಿಕೊಂಡು, “ಹಂಗಾರ ಕಲಿ, ಬಾ” ಎಂದರು.

ಕೂಸಿಗೆ ಎರೆಯುವುದರಿಂದ ಪಾಠ ಸುರುವಾಯಿತು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಕಾಲ ಮೇಲೆ ಕೂಸನ್ನು ಹಾಕಿಕೊಂಡು ಎರೆಯಬೇಕು. ಕೂಸು ಎಲ್ಲಿಂದ ತರುವುದು? ಕೇಳಿದರೆ ಯಾವ ತಾಯಿ ಕೊಟ್ಟಾಳು! ಕೊನೆಗೆ ಅಟ್ಟದ ಮೇಲಿಂದ ಒಂದು ಕುಂಬಳಕಾಯಿ ಇಳಿಯಿತು.

“ತಲಿ ಯಾವ ಕಡೆ?” ಕಾಕಾ ಕೇಳಿದರು.

“ದೇಟಿನ ಕಡೆ ಅಂತ ತಿಳಕೊ.”

ಕಾಕಾ ಔಡಲೆಣ್ಣೆ ತಿಕ್ಕಿದರು. ಹಣೆ ತೀಡಿದರು, ಮೂಗಿಲ್ಲದಲ್ಲಿ ಮೂಗು ತೀಡಿದರು. “ಹಗುರಕ, ಹಗುರಕ” ಎಂದು ಅತ್ತೆ ಅನ್ನುತ್ತಿರುವಾಗಲೇ, ಒಂದು ಚರಗಿ ನೀರು ಬಿದ್ದ ಕೂಡಲೆ, ಎಣ್ಣೆಯ ಕುಂಬಳಕಾಯಿ ಕಾಲಿನಿಂದ ಜಾರಿ, ಬಚ್ಚಲ ಕಲ್ಲಿಗೆ ಬಡಿದು ಎರಡು ಹೋಳಾಯಿತು.

“ಕೊಂದಿ!” ಅತ್ತೆ ಚೀರಿದರು. “ಹೆಂತಾ ಛಲೋ ಕೂಸ ಇತ್ತು, ಕೊಂದಿ!”

ಆ ಸಂಜೆ ಅತ್ತೆಯ ಮನೆಯಲ್ಲಿ ಕುಂಬಳಕಾಯಿ ಪಲ್ಯ. ನಾವೆಲ್ಲ ಎರಡೆರಡು ಸಲ ನೀಡಿಸಿಕೊಂಡೆವು. ಕಾಕಾ ಮಾತ್ರ ಪಲ್ಯ ಮುಟ್ಟಲಿಲ್ಲ.

ಅಲ್ಲಿಂದ ಮುಂದೆ ತೇರದಾಳದ ಸಂತೆಯಲ್ಲಿ ಕುಂಬಳಕಾಯಿ ತುಟ್ಟಿಯಾಯಿತು ಎಂದರೆ ನೀವು ನಂಬಬೇಕಾಗಿಲ್ಲ. ಆದರೆ ಬೇಸಿಗೆ ನಡುವಿಗೆ ಬರುವಷ್ಟರಲ್ಲಿ ಕಾಕಾ ಎರೆದ ಕಾಯಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಎರೆದು, ಒರೆಸಿ, ಅಜವಾನದ ಹೊಗೆ ಕೊಟ್ಟು, ತಲೆಗೆ ಕುಂಚಿಗೆ ಹಾಕಿ ಮಲಗಿಸಿಬಿಟ್ಟರೆ ಆ ಕುಂಬಳಕಾಯಿ ಎರಡು ತಾಸು ಅಳುತ್ತಿರಲಿಲ್ಲ!

ಕೂಸಿನ ವಿದ್ಯೆ ಆಯಿತು. ಬಾಣಂತಿಯದು ಉಳಿಯಿತು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಟ್ಟು ಬೆನ್ನು ಕಾಸುವುದು ನಮ್ಮ ಕಡೆಯ ಪದ್ಧತಿ. ಕಾಕಾನಿಗೆ ಒಂದು ಸಂಶಯ ಹುಟ್ಟಿತು. ಆಫ್ರಿಕಾ ಮೊದಲೇ ಸೆಕೆಯ ದೇಶ. ಅಲ್ಲಿ ಬಾಣಂತಿಗೆ ಎಷ್ಟು ಕೆಂಡ ಬೇಕು? ಇದನ್ನು ಪರೀಕ್ಷೆ ಮಾಡಿ ನೋಡದೆ ಹೇಗೆ ತಿಳಿಯುವುದು? ಪರೀಕ್ಷೆಗೆ ಸೆಕೆ ಬೇಕು. ಜಮಖಂಡಿಯಲ್ಲಿ ಆಗ ಮೇ ತಿಂಗಳು, ಸೆಕೆಗೆ ಬರ ಇರಲಿಲ್ಲ. ಇನ್ನು ಬೇಕಾದದ್ದು ಒಬ್ಬ ಬಾಣಂತಿ.

“ಮಾಸ್ತರ, ಹೆಂಗೂ ನಿನಗ ಸೂಟಿ ಐತಿ,” ಎಂದರು ಕಾಕಾ.

ನಾನು ಎಷ್ಟು ನೆವ ಹೇಳಿದೆ! ಪಿತ್ತ ಎಂದೆ, ಹುಟ್ಟಾ ಉಷ್ಣ ಪ್ರಕೃತಿ ಎಂದೆ. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ಬದಲು ನನ್ನ ಕಿವಿಗೆ ಅರಳೆ ಹಾಕಿದರು. ತಲೆಗೆ ಅರಿವೆ ಬಿಗಿದು, ಹೊರಸಿನ ಮೇಲೆ ಮಲಗಿಸಿ, ಕಂಬಳಿ ಹೊಚ್ಚಿ, ಕೆಳಗೆ ಕೆಂಡದ ಅಗ್ಗಿಷ್ಟಿಗೆ ದೂಡಿದರು. ಮೇಲಿಂದ ಹೆಂಚು ಸುಡುತ್ತಿತ್ತು, ಕೆಳಗಿಂದ ಕೆಂಡ. ನಡುವೆ ನಾನು ರೊಟ್ಟಿಯಂತೆ ಉಬ್ಬುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೆಪ್ಪು ಕೇಳಲು ಬಂದರು.

“ಅಯ್ಯ, ಮಾಸ್ತರಿಗೆ ಏನಾಗೇತ್ರಿ?”

“ಏನಿಲ್ಲ ಬರ್ರಿ. ಬಾಣಂತಿ ಆಗ್ಯಾರ,” ಎಂದಳು ನಮ್ಮ ಮನೆಯಾಕೆ.

ನಾನು ಏಳಲು ನೋಡಿದೆ. ಕಾಕಾ ಹಣೆ ಮುಟ್ಟಿ, “ನಾಕ ಕೆಂಡ ಭಾಳ ಆತು, ಅಲ್ಲಿ ಎರಡ ಸಾಕು,” ಎಂದು ಕೆಂಡ ತೆಗೆಯಲು ಬಾಗಿದರು. ನನ್ನ ಹೆಂಡತಿ ತಡೆದಳು.

“ಇರಲಿ ಬಿಡ್ರಿ ಮಾವಾರ. ನಮ್ಮನ್ನೇನ ಇಷ್ಟಕ್ಕ ಎಬ್ಬಸ್ತಿದ್ರೇನ? ತಿಂಗಳಾನಗಟ್ಟಲೆ ಮಕ್ಕೊಂಡೀವಿ. ಇವರೂ ಸ್ವಲ್ಪ ಮಕ್ಕೊಳ್ಳಲಿ.”

ಇಪ್ಪತ್ತು ವರ್ಷದ ಸಂಸಾರದಲ್ಲಿ ಆಕೆ ಅಷ್ಟು ಮನಸಾರೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಇನ್ನು ಹೋಗುವುದು ಯಾವಾಗ? ಇದೇ ದೊಡ್ಡ ಗಂಟು. ಅಳಿಯ ಬರೆದಿದ್ದ ಪ್ರಕಾರ ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಒಂದು ಮಳೆಗಾಲ ಮುಗಿದು ಇನ್ನೊಂದು ಸುರುವಾಗುವ ನಡುವೆ, ನಮ್ಮ ಶ್ರಾವಣದ ಹೊತ್ತಿಗೆ, ಒಂದಿಷ್ಟು ಬಿಡುವು. ವರ್ಷದ ಕೊನೆಗೆ ಮರುಭೂಮಿಯ ಕಡೆಯಿಂದ ಧೂಳಿನ ಒಣಗಾಳಿ. ಇಳಿಯುವುದಾದರೆ ಆ ಬಿಡುವಿನಲ್ಲೇ ಇಳಿಯಬೇಕು. ಇತ್ತ ನಮ್ಮ ಜೂನಿನ ಮಿರಗದ ಮಳೆ ಬಿದ್ದು ಕುಡಚಿಯ ದಾರಿ ಕೆಸರಾಗುವ ಮೊದಲೇ ಊರು ಬಿಡಬೇಕು. ಕೂಸಿನ ದಿನ ಇದ್ದದ್ದು ಗಣೇಶ ಚೌತಿಯ ಆಚೆ ಈಚೆ.

ಕಾಕಾ ನಮ್ಮ ಸಾಲೆಯ ಭೂಗೋಳದ ಮುಂದೆ ನೂಲಿನ ಎಳೆ ಹಿಡಿದು ಕೂತರು. ಮುಂಬಯಿಯಿಂದ ಎಳೆ ಹೊರಟಿತು. ಸುಯೆಜ್ ದಾಟಿ ಮೇಲಕ್ಕೆ ಇಂಗ್ಲಂಡಿಗೆ ಹೋಗಿ, ಅಲ್ಲಿ ಹಡಗು ಬದಲಿಸಿ, ಮತ್ತೆ ಕೆಳಗೆ ಆಫ್ರಿಕಾಕ್ಕೆ. ಜಮಖಂಡಿಯವನು ಮುಧೋಳಕ್ಕೆ ಹೋಗಲು ದಿಲ್ಲಿ ಸುತ್ತಿ ಬಂದ ಹಾಗೆ!

“ಹೆಂಗೂ ಇಂಗ್ಲಂಡ ನೋಡಿಧಂಗ ಆಗತೈತ್ರಿ,” ಎಂದೆ.

“ಬಾಣಂತನ ಬಿಟ್ಟು ಇಂಗ್ಲಂಡ ನೋಡಕೋತ ಕುಂದರಲೇನ? ನಿನಗ ಬುದ್ಧಿ ಐತೇನ?” ಕಾಕಾ ಎಳೆ ಸುತ್ತಿಕೊಂಡರು. “ಎರಡ ಮಳಿ ನಡುವ, ಎಳಿ ನಡುವ ಲಾಳಿ ತೂರಿದಂಗ, ಸೊಂಯ್ ಅಂತ ತೂರಿಬಿಡಬೇಕು.”

“ಆದ್ರ ಕೂಸಿಗೆ ಈ ಮಳಿ ಲೆಕ್ಕ ಗೊತ್ತಾಗಬೇಕಲ್ರಿ? ನೀವು ಮುಟ್ಟೂದರಾಗ ಹುಟ್ಟಿಬಿಟ್ರ?”

ಕಾಕಾ ಸುತ್ತಿದ ಎಳೆಯನ್ನು ಬಿಚ್ಚಿ ಮತ್ತೆ ಸುತ್ತಿದರು. ನಾನು ಹಾಗೆ ಕೇಳಬಾರದಿತ್ತು ಅನಿಸಿತು.

“ಕಾಯತೈತಿ ಬಿಡ,” ಎಂದರು. “ನಮ್ಮ ಮನಿ ಕೂಸ ಅದು.”

ಪಾಸ್‌ಪೋರ್ಟಿನ ವಿಚಾರಣೆಗೆ ಬಿಜಾಪುರಕ್ಕೆ ಕರೆ ಬಂತು. ಸಾಹೇಬರು ಮರಾಠಿಯವರು. ಪ್ರಯಾಣ ಯಾತಕ್ಕೆ ಎಂದು ಕೇಳಿದರು. ಕಾಕಾನಿಗೆ ನಮ್ಮ ಮಾತಿನಷ್ಟೇ ಮರಾಠಿಯೂ ಬರುತ್ತಿತ್ತು. ಎದೆ ಸೆಟೆಸಿ, “ಬಾಳಂತಪಣ!” ಎಂದರು.

ಸಾಹೇಬರು ಕನ್ನಡಕ ತೆಗೆದರು. ಕಾಕಾನ ಪಟಕಾದಿಂದ ಹಿಡಿದು ಚಪ್ಪಲಿಯ ತನಕ ನೋಡಿದರು. ಆಮೇಲೆ, ಸಾಕ್ಷಿಯೆಂದು ಜೊತೆಗೆ ಬಂದಿದ್ದ ನನ್ನ ಹೊಟ್ಟೆಯ ಕಡೆ ನೋಡಿದರು. ಅಂಟಿನುಂಡಿಯ ಪರೀಕ್ಷೆಯೂ ನನ್ನ ಮೇಲೆಯೇ ಆಗಿದ್ದರಿಂದ ಆ ಬೇಸಿಗೆಯಲ್ಲಿ ಅದು ನೋಡುವ ಹಾಗೆಯೇ ಇತ್ತು. ಸಂಗತಿ ತಿಳಿದ ಮೇಲೆ ಅವರು ನಗಲಿಲ್ಲ. ತಮ್ಮ ಕೈಯಿಂದಲೇ ಸರಿಯಾಗಿ ಬರೆದುಕೊಂಡು, ಏಳುವಾಗ ಮೆಲ್ಲಗೆ ಒಂದು ಮಾತು ಕೇಳಿದರು: ಕೂಸಿಗೆ ಹೊಟ್ಟೆ ನುಲಿದರೆ ಏನು ಕೊಡಬೇಕು? ಅವರ ಮನೆಯಲ್ಲೂ ಒಂದು ಸಣ್ಣ ಕೂಸಿತ್ತಂತೆ. ಕಾಕಾ ಮತ್ತೆ ಕೂತು ಬಜೆ ತೇಯುವ ಕ್ರಮ ಹೇಳಿದರು. ಹೊರಗೆ ಸಾಲಾಗಿ ನಿಂತ ಮಂದಿ ಬೈದುಕೊಂಡರು.

ಹಳದಿ ಜ್ವರದ ಸೂಜಿಗೆಂದು ಹಡಗಿಗಿಂತ ಎಷ್ಟೋ ಮೊದಲೇ ಮುಂಬಯಿ ಸೇರಬೇಕಾಯಿತು. ನಾನೂ ಜೊತೆಗೆ ಹೋದೆ. ಹಡಗಿನ ದಿನ ಬಂದರಿನಲ್ಲಿ ಕಾಕಾನ ಸಾಮಾನು ನೋಡಬೇಕಿತ್ತು! ಮಹಾಲಿಂಗಪುರದ ಬೆಲ್ಲ, ಉತ್ತತ್ತಿ, ಅಳವಿ, ಜೋಳದ ಹಿಟ್ಟು, ಔಡಲೆಣ್ಣೆಯ ಡಬ್ಬಿ, ಬಿಚ್ಚಿ ಕಟ್ಟಿದ ತೊಟ್ಟಿಲು. ತವರುಮನೆಯ ಗೋಡೆಗಳನ್ನಷ್ಟೇ ಬನಹಟ್ಟಿಯಲ್ಲಿ ಬಿಟ್ಟು ಬಂದಿದ್ದರು. ನಾನು ಒಂದೇ ಸಮನೆ ಹೇಳುತ್ತಿದ್ದೆ: ಅಂಚಿಗೆ ನಿಲ್ಲಬೇಡಿ, ಯಾರು ಏನು ಕೊಟ್ಟರೂ ತಿನ್ನಬೇಡಿ, ಹಡಗು ಬದಲಿಸುವಾಗ ಮೂರು ಸಲ ಕೇಳಿಕೊಳ್ಳಿ.

“ಲೇ ಮಾಸ್ತರ,” ಕಾಕಾ ನನ್ನ ಹೆಗಲು ಹಿಡಿದರು, “ಊರ ಮುಟ್ಟಿದ ಮ್ಯಾಲ ನೀ ಒಂದ ತಾರ ಹೊಡಿ. ನಿಂದ ಚಿಂತಿ ಹತ್ತೇತಿ ನನಗ.”

ಆಮೇಲೆ? ಹಡಗು ಮುಳುಗಲಿಲ್ಲ. ಸುಂಕದವರು ಉಂಡಿಯನ್ನು ಮೂಸಿ ನೋಡಿ ಬಿಟ್ಟರು. ಇಂಗ್ಲಂಡಿನಲ್ಲಿ ಸರಿಯಾದ ಹಡಗೇ ಸಿಕ್ಕಿತು. ಕಾಕಾ ಇಳಿದ ದಿನ ಅಲ್ಲಿ ಚೊಕ್ಕ ಬಿಸಿಲು. ಕೂಸು ನಿಜವಾಗಿ ಕಾಯಿತು: ಚೌತಿ ಕಳೆದು, ಎರಡನೆಯ ಮಳೆ ಹಿಡಿದ ದಿನ ಹೆಣ್ಣುಕೂಸು ಹುಟ್ಟಿತು. ನಾನು ಇಷ್ಟು ದಿನ ಪಟ್ಟ ಶ್ರಮವೆಲ್ಲ ವ್ಯರ್ಥ!

ಕೆಲವು ವರ್ಷಗಳ ನಂತರ ನೀಲಾ ಮಗಳನ್ನು ಕರೆದುಕೊಂಡು ಬನಹಟ್ಟಿಗೆ ಬಂದಳು. ನಾನು ನೋಡಲು ಹೋದಾಗ ಕಾಕಾ ಮೊಮ್ಮಗಳನ್ನು ಎತ್ತಿಕೊಂಡು ಪೇಟೆಗೆ ಹೋಗಿದ್ದರು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ, ನನ್ನ ಸ್ವಭಾವ ಎಲ್ಲಿ ಹೋಗಬೇಕು, ಕೇಳಿಯೇಬಿಟ್ಟೆ.

“ಖರೆ ಹೇಳು ನೀಲಾ. ಅಲ್ಲಿ ಏನೂ ತಪ್ಪಲಿಲ್ಲೇನು?”

“ಏನೂ ಇಲ್ಲೋ ಅಣ್ಣಾ. ನಮ್ಮಪ್ಪ ಮಾಡಿಧಂಗ ಬಾಣಂತನ ಯಾ ಹೆಂಗಸೂ ಮಾಡಂಗಿಲ್ಲ.” ಪೇಟೆಯ ದಾರಿಯ ಕಡೆ ಒಮ್ಮೆ ನೋಡಿದಳು. “ಒಂದ ಮಾತ್ರ. ಮೊದಲನೇ ದಿನ ಎರಿಯೂದರಾಗ ತಪ್ಪಿತ್ತು.”

ನನ್ನ ಕಣ್ಣ ಮುಂದೆ ಎರಡು ಹೋಳಾದ ಕುಂಬಳಕಾಯಿ ಬಂತು. “ಜಾರಿತೇನ?”

“ಇಲ್ಲೋ! ಎಣ್ಣಿ ಹಚ್ಚಿ, ಕಾಲ ಮ್ಯಾಲ ಹಾಕ್ಕೊಂಡು ಕುಂತಿದ್ರು. ನೀರಿನ ಸಪ್ಪಳನ ಬರವಲ್ದು. ಅಪ್ಪಾ, ಎರೀರಿ ಅಂತ ಒಳಗಿನಿಂದ ಒದರಿದೆ. ‘ತಡಿಯವ್ವಾ,’ ಅಂದ್ರು. ಮತ್ತ ಒದರಿದೆ. ಮತ್ತ ‘ತಡಿಯವ್ವಾ.’ ಕಡೀಕ ಗ್ವಾಡಿ ಹಿಡಕೊಂಡು ಎದ್ದು ಹೋಗಿ ನೋಡಿದೆ…”

ನೀಲಾ ಹುಟ್ಟಿದ್ದು ತೇರದಾಳದಲ್ಲಿ, ಅತ್ತೆಯ ಮನೆಯಲ್ಲಿ. ಕಾಕುವಿಗೆ ತವರಿನಲ್ಲಿ ಯಾರೂ ಇರಲಿಲ್ಲ. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ, ಕಾಕಾ ಬಂದು ಬಂದು ಹೊರಗಿನಿಂದಲೇ ತಿರುಗಿ ಹೋಗಿದ್ದರು. ತಿಂಗಳು ತುಂಬುವ ಮೊದಲೇ ಕಾಕು ತೀರಿಕೊಂಡಳು. ಆಮೇಲೆ ಎಷ್ಟೋ ದಿನ ಕಾಕಾ ತೇರದಾಳದ ಕಡೆ ಮುಖವನ್ನೇ ಹಾಕಲಿಲ್ಲ. ಮತ್ತೆ ಬಂದಾಗ ನೀಲಾ ಹಲ್ಲು ಮೂಡಿ, ಗೋಡೆ ಹಿಡಿದು ನಿಲ್ಲುತ್ತಿದ್ದಳು.

“ಹೋಗಿ ನೋಡಿದ್ರ,” ನೀಲಾ ಚಹಾದ ಬಟ್ಟಲನ್ನು ಕೆಳಗಿಟ್ಟಳು, “ಎರಡೂ ಅಂಗೈಯಾಗ ಕೂಸಿನ ತಲಿ ಹಿಡಕೊಂಡು ಸುಮ್ಮ ಕುಂತಿದ್ರು. ‘ತಡಿಯವ್ವಾ,’ ಅಂದ್ರು, ‘ನೀ ಇಷ್ಟ ಸಣ್ಣಾಕಿ ಇದ್ದಾಗ ನಾ ನೋಡೇ ಇಲ್ಲ. ಒಂದಿಷ್ಟ ನೋಡತೀನಿ.’”

ಅಷ್ಟರಲ್ಲಿ ಎರೆಯುವ ನೀರು ಆರಿಹೋಗಿತ್ತಂತೆ. ಮತ್ತೊಮ್ಮೆ ಕಾಸಬೇಕಾಯಿತಂತೆ.